ವಿಡಿಯೋ ಆಟಗಳ ಲಿಖಿತ ವಿಮರ್ಶೆ: ಅದು ಕೊಳ್ಳುವವನಿಗೆ ಮಾತ್ರವೇ?

ಶಾಸನ, ಗ್ರಾಮನಾಮ, ಜನಪದ ಗೀತ ಮೊದಲಾದ ವಿಷಯಗಳಿಗೆ ಮೀಸಲಾದ ಇಂಥ ಸಂಚಿಕೆಯಲ್ಲಿ ವಿಡಿಯೋ ಆಟದ ಮಾತೇಕೆ ಎಂದು ವಾಚಕರು ಹುಬ್ಬೇರಿಸುವುದು ಸಹಜವೇ ಆಗಿದೆ. ಈ ವಿಷಯವನ್ನು ಕೈಗೆತ್ತಿಕೊಳ್ಳುವ ಮುನ್ನ ನಾವೂ ಎರಡು ಮೂರು ಸಲ ಅಳುಕಿದೆವು. ಆದರೆ ಶಿಕ್ಷಕರಾದ ನಮಗೆ ಪಾಲಕರು ಈಚೆಗೆ ಕೇಳುವ ಪ್ರಶ್ನೆಗಳಲ್ಲಿ ಹೆಚ್ಚಿನವು ವ್ಯಾಕರಣದವೂ ಅಲ್ಲ, ಗಣಿತದವೂ ಅಲ್ಲ. “ನಮ್ಮ ಹುಡುಗ ಮೊಬೈಲಿನಲ್ಲಿ ಇಂಥ ಆಟ ಆಡುತ್ತಾನೆ, ಅದು ಒಳ್ಳೆಯದೋ ಕೆಟ್ಟದ್ದೋ ಹೇಳಿರಿ, ಮಾಸ್ತರರೇ” ಎಂದು ಕೇಳುವವರೇ ಬಹಳ. ಪುಸ್ತಕದ ಬಗೆಗೆ ಕೇಳಿದರೆ ಓದಿ ಹೇಳಬಹುದು, ಸಿನಿಮಾದ ಬಗೆಗೆ ಕೇಳಿದರೆ ನೋಡಿ ಹೇಳಬಹುದು. ಐವತ್ತು ದಾಟಿದ ಮಾಸ್ತರನು ಆಟವನ್ನು ಆಡಿ ಹೇಳುವುದೆಂತು? ಹಾಗಾದರೆ ಆಡಿದವರು ಬರೆದುದನ್ನಾದರೂ ಓದೋಣವೆಂದು ಹುಡುಕಿದಾಗ ಕನ್ನಡದಲ್ಲಿ ನಮ್ಮ ಕೈಗೆ ಸಿಕ್ಕಿದವು ಎರಡೇ ಬಗೆಯ ಬರಹಗಳು. ಒಂದು, ಆಟದಿಂದ ಅನಾಹುತವಾಯಿತೆಂಬ ಸುದ್ದಿ. ಇನ್ನೊಂದು, ಯಾವ ಫೋನಿನಲ್ಲಿ ಆಟ ಚೆನ್ನಾಗಿ ಓಡುತ್ತದೆ ಎಂಬ ಸಲಹೆ. ಆಟವೆಂದರೆ ಏನು, ಅದರೊಳಗೆ ಆಡುವವನಿಗೆ ಏನಾಗುತ್ತದೆ ಎಂಬುದು ಎರಡರಲ್ಲಿಯೂ ಇರಲಿಲ್ಲ. ಪ್ರಸ್ತುತ ಲೇಖನ ಹುಟ್ಟಿದ್ದು ಈ ಕೊರತೆಯಿಂದ.

ಸಲಹೆಯ ಬರಹವನ್ನು ನಾವು ಹೀಗಳೆಯುವುದಿಲ್ಲ. ಗ್ರಾಹಕನ ಹಣಕ್ಕೆ ಕಾವಲಾಗಿ ನಿಲ್ಲುವುದು ಸಣ್ಣ ಕೆಲಸವಲ್ಲ. ಪ್ರಜಾವಾಣಿಯಲ್ಲಿ ಡಾ. ಯು. ಬಿ. ಪವನಜ ಅವರು ಬರೆದ ‘ಗ್ಯಾಜೆಟ್ ಲೋಕ’ದಂಥ ಅಂಕಣಗಳಿಂದ ಯಂತ್ರಸಾಮಗ್ರಿಯ ಗುಣದೋಷಗಳನ್ನು ಕನ್ನಡದಲ್ಲಿ ಹೇಳುವ ರೂಢಿ ಬೆಳೆದದ್ದನ್ನು ನಾವು ಸಂತೋಷದಿಂದ ನೆನೆಯುತ್ತೇವೆ. ಆಟದ ವಿಮರ್ಶೆಯೂ ಮೊದಲು ಇಂಥ ಕಾವಲಿನ ಕೆಲಸವಾಗಿಯೇ ಬೆಳೆಯಿತು. ಅಮೇರಿಕೆಯ ‘ವಿಡಿಯೋ’ ಎಂಬ ಪತ್ರಿಕೆಯಲ್ಲಿ ೧೯೭೯ರಲ್ಲಿ ಆರ್ನಿ ಕಾಟ್ಜ್, ಬಿಲ್ ಕಂಕಲ್ ಎಂಬವರು ಆಟಗಳ ಅಂಕಣವೊಂದನ್ನು ಆರಂಭಿಸಿದರು. ೧೯೮೧ರಲ್ಲಿ ಅದೇ ಬಳಗದವರಿಂದ ‘ಎಲೆಕ್ಟ್ರಾನಿಕ್ ಗೇಮ್ಸ್’ ಎಂಬ ಪೂರ್ಣ ಪತ್ರಿಕೆಯೇ ಹೊರಟಿತು. ಒಂದೊಂದು ಆಟದ ಡಬ್ಬಿಗೆ ಬಹಳ ಹಣ ತೆರಬೇಕಾಗಿದ್ದ ಕಾಲವದು. ಚಿತ್ರ ಹೇಗಿದೆ, ಶಬ್ದ ಹೇಗಿದೆ, ಎಷ್ಟು ಹೊತ್ತು ಬಾಳುತ್ತದೆ ಎಂದು ತೂಗಿ, ಹತ್ತಕ್ಕೆ ಇಂತಿಷ್ಟು ಎಂದು ಅಂಕ ಕೊಟ್ಟರೆ ವಿಮರ್ಶಕನ ಕೆಲಸ ಮುಗಿಯಿತು. ಅಂಕ ಕೊಡುವ ಚಾಳಿ ನಮ್ಮ ವೃತ್ತಿಯವರದೇ ಆದುದರಿಂದ ಅದನ್ನು ನಾವು ನಗುವ ಹಾಗಿಲ್ಲ.

ಆದರೆ ಕಾಲ ಬದಲಾಯಿತು. ಇಂದು ನಮ್ಮ ಹಳ್ಳಿಗಳ ಹುಡುಗರು ಆಡುವ ಆಟಗಳಲ್ಲಿ ಬಹುಭಾಗ ಪುಕ್ಕಟೆಯಾಗಿ ಫೋನಿಗೆ ಇಳಿಯುತ್ತವೆ. ಕೊಳ್ಳಬೇಕೋ ಬೇಡವೋ ಎಂಬ ಪ್ರಶ್ನೆಯೇ ಅಲ್ಲಿ ಏಳುವುದಿಲ್ಲ. ಹಣ ಕೇಳುವುದಿದ್ದರೆ ಆಟ ಮನಸ್ಸಿಗೆ ಹತ್ತಿದ ಮೇಲೆ, ಬಣ್ಣದ ಅಂಗಿಗೋ ಹೊಸ ಆಯುಧಕ್ಕೋ ಚಿಲ್ಲರೆ ಚಿಲ್ಲರೆಯಾಗಿ ಕೇಳುತ್ತದೆ. ಹೀಗಿರುವಲ್ಲಿ ವಿಮರ್ಶೆ ಕೊಳ್ಳುವವನಿಗೆ ಮಾತ್ರವೆಂದರೆ, ಕೊಳ್ಳುವವನೇ ಇಲ್ಲದ ಪೇಟೆಯಲ್ಲಿ ತಕ್ಕಡಿ ಹಿಡಿದು ಕುಳಿತ ಹಾಗಾಯಿತು. ಆಟಕ್ಕೆ ತೆರುವ ನಿಜವಾದ ಬೆಲೆ ಹೊತ್ತು. ಆ ಹೊತ್ತಿನಲ್ಲಿ ಹುಡುಗ ಏನು ಕಂಡ, ಏನು ಕಲಿತ, ಏನಕ್ಕೆ ಅಂಜಿದ ಎಂಬುದನ್ನು ಹೇಳುವವರು ಬೇಕು.

ಈ ಮಾತು ನಮ್ಮ ಭಾಗದವರಿಗೆ ಹೊಸದಾಗಬಾರದು. ಕೊಲ್ಲಾಪುರದ ಖಾಸಬಾಗ ಮೈದಾನದಲ್ಲಿ ದೊಡ್ಡ ಕುಸ್ತಿಯಾದ ಮರುದಿನ ಪತ್ರಿಕೆಯನ್ನು ಎಲ್ಲರಿಗಿಂತ ಮೊದಲು ಕಿತ್ತುಕೊಂಡು ಓದುವವನು ಯಾರು? ನಿನ್ನೆ ಮಣ್ಣಿನಂಚಿಗೆ ಕುಳಿತು ಕುಸ್ತಿ ನೋಡಿ ಬಂದವನೇ! ಗೆದ್ದವನಾರೆಂದು ಅವನಿಗೆ ಗೊತ್ತು; ಟಿಕೀಟಿನ ಹಣ ಖರ್ಚಾಗಿಯೇ ಹೋಗಿದೆ. ಆದರೂ ಯಾವ ಡಾವಿಗೆ ಯಾವ ಮರುಡಾವು ಬಿತ್ತು, ಎಲ್ಲಿ ಉಸಿರು ಕಟ್ಟಿತು ಎಂಬುದನ್ನು ಇನ್ನೊಬ್ಬನ ಮಾತಿನಲ್ಲಿ ಓದಿದಾಗಲೇ ಕಂಡದ್ದು ಅವನಿಗೆ ಪೂರ್ಣವಾಗುತ್ತದೆ. ವರದಿ ಬರೆದವನೊಡನೆ ಕಟ್ಟೆಯ ಮೇಲೆ ಕುಳಿತು ಜಗಳ ಕಾಯುವುದೂ ಉಂಟು.

ಇನ್ನು ಬರಹದ ಎರಡನೆಯ ಪ್ರಯೋಜನ. ಇದಕ್ಕೂ ದೃಷ್ಟಾಂತ ಕೊಲ್ಲಾಪುರದಲ್ಲಿಯೇ ಇದೆ. ಬಾಬುರಾವ ಪೇಂಟರರು ಮಹಾರಾಷ್ಟ್ರ ಫಿಲ್ಮ್ ಕಂಪನಿಯಿಂದ ೧೯೨೦ರಲ್ಲಿ ‘ಸೈರಂಧ್ರಿ’ಯನ್ನು ಹೊರತಂದದ್ದು ಈ ಊರಿನಲ್ಲಿ, ಪ್ರಭಾತ ಸಂಸ್ಥೆ ೧೯೨೯ರಲ್ಲಿ ಹುಟ್ಟಿದ್ದೂ ಈ ಊರಿನಲ್ಲಿ. ಕನ್ನಡಿಗರಾದ ನಮಗೆ ಇನ್ನೂ ಹತ್ತಿರದ ಸಂಗತಿಯೆಂದರೆ, ಕನ್ನಡದ ಮೊದಲ ವಾಕ್ಚಿತ್ರವಾಗಿ ೧೯೩೪ರ ಮಾರ್ಚ್ ೩ರಂದು ತೆರೆಕಂಡ ‘ಸತಿ ಸುಲೋಚನಾ’ ಚಿತ್ರೀಕರಣಗೊಂಡದ್ದು ಕೊಲ್ಲಾಪುರದ ಛತ್ರಪತಿ ಸ್ಟುಡಿಯೋದಲ್ಲಿ. ಚಮನ್‌ಲಾಲ್ ಡುಂಗಾಜಿಯವರು ನಿರ್ಮಾಪಕರು, ವೈ. ವಿ. ರಾವ್ ನಿರ್ದೇಶಕರು, ಸಾಹಿತ್ಯ ಬೆಳ್ಳಾವೆ ನರಹರಿ ಶಾಸ್ತ್ರಿಗಳದು. ಸುಬ್ಬಯ್ಯ ನಾಯ್ಡು ಇಂದ್ರಜಿತು, ತ್ರಿಪುರಾಂಬ ಸುಲೋಚನೆ, ಆರ್. ನಾಗೇಂದ್ರರಾಯರು ರಾವಣ. ಇಷ್ಟೆಲ್ಲ ನಮಗೆ ಗೊತ್ತು. ಆದರೆ ಆ ಚಿತ್ರದ ಪ್ರತಿ ಇಂದು ದೊರೆಯುವುದಿಲ್ಲ. ಕನ್ನಡವು ಮೊದಲ ಸಲ ಬೆಳ್ಳಿತೆರೆಯ ಮೇಲೆ ಮಾತನಾಡಿದ್ದು ಹೇಗೆ ಕೇಳಿಸಿತೆಂಬುದನ್ನು ನಾವು ಕಿವಿಯಾರೆ ತಿಳಿಯಲಾರೆವು. ಉಳಿದಿರುವುದು ಬರೆದಿಟ್ಟ ಮಾತು, ಮುದ್ರಿತ ಪ್ರಕಟಣೆ, ಕಲಾವಿದರ ನೆನಪು. ಅಂದು ಚಿತ್ರದ ಬಗ್ಗೆ ನಾಲ್ಕು ಸಾಲು ಬರೆದವನು ಟಿಕೀಟು ಕೊಳ್ಳುವವನಿಗೆಂದೇ ಬರೆದಿರಬೇಕು. ಆ ಟಿಕೀಟುಗಳೆಲ್ಲ ಎಂದೋ ಹರಿದುಹೋದವು. ಬರೆದದ್ದು ಈಗ ಸಂಶೋಧಕನ ಆಧಾರ.

ಚಿತ್ರಕ್ಕಿಂತ ಆಟದ ಸ್ಥಿತಿ ಇನ್ನೂ ನಾಜೂಕು. ಅಮೇರಿಕೆಯ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ ೨೦೨೩ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಆ ದೇಶದಲ್ಲಿ ೨೦೧೦ಕ್ಕೆ ಮುಂಚೆ ಹೊರಬಂದ ಆಟಗಳಲ್ಲಿ ಶೇಕಡ ೮೭ರಷ್ಟು ಈಗ ಮಾರಾಟದಲ್ಲಿಲ್ಲ. ಪುಸ್ತಕ ಅಚ್ಚಿನಲ್ಲಿ ಇಲ್ಲದಿದ್ದರೆ ಗ್ರಂಥಾಲಯದಲ್ಲಿ ಸಿಕ್ಕೀತು. ಆಟಕ್ಕೆ ಅದರದೇ ಯಂತ್ರ ಬೇಕು, ಯಂತ್ರಕ್ಕೆ ಬಿಡಿಭಾಗ ಬೇಕು. ಜಾಲದ ಮೂಲಕ ಆಡುವ ಆಟವಾದರೆ ದೂರದಲ್ಲೆಲ್ಲೋ ಒಂದು ಗಣಕ ನಡೆಯುತ್ತಿರಬೇಕು. ಅದನ್ನು ನಿಲ್ಲಿಸಿದ ದಿನ ಆಟ ಮುಗಿಯಿತು. ಫ್ರಾನ್ಸಿನ ಯೂಬಿಸಾಫ್ಟ್ ಸಂಸ್ಥೆಯ ‘ದ ಕ್ರೂ’ ಎಂಬ ಆಟವನ್ನು ಹಣ ಕೊಟ್ಟು ಕೊಂಡವರೂ ೨೦೨೪ರ ಮಾರ್ಚ್ ೩೧ರ ನಂತರ ಆಡಲಾರದೆ ಹೋದರು. ಫೇಸ್‌ಬುಕ್ಕಿನಲ್ಲಿ ಜನ ರಾತ್ರಿ ಎದ್ದು ಬೆಳೆಗೆ ನೀರುಣಿಸುತ್ತಿದ್ದ ‘ಫಾರ್ಮ್‌ವಿಲ್’ ೨೦೨೦ರ ಡಿಸೆಂಬರ್ ೩೧ರಂದು ಮುಚ್ಚಿತು. (ನಿಜವಾದ ಕಬ್ಬಿಗೆ ನೀರು ಬಿಡಲು ರಾತ್ರಿ ಪಾಳಿಯಲ್ಲಿ ಏಳುವ ನಮ್ಮ ಶಿರೋಳ ತಾಲೂಕಿನ ರೈತನಿಗೆ ಇದನ್ನು ವಿವರಿಸುವುದು ಕಷ್ಟ.)

ಆಟದ ಸಾಮಗ್ರಿಯನ್ನು ಕಾದಿಟ್ಟರೆ ಸಾಲದೇ ಎಂದು ಕೇಳಬಹುದು. ಸಾಲದು. ಅಂಬೋಲಿ ಘಟ್ಟದಾಚೆ ಸಾವಂತವಾಡಿಯ ಅರಮನೆಯಲ್ಲಿ ಇಂದಿಗೂ ಗಂಜೀಫಾ ಎಲೆಗಳನ್ನು ಕೈಯಿಂದ ಬರೆಯುತ್ತಾರೆ. ದಶಾವತಾರದ ಕಟ್ಟಿನಲ್ಲಿ ಹತ್ತು ಪಂಗಡ, ಪಂಗಡಕ್ಕೆ ಹನ್ನೆರಡರಂತೆ ೧೨೦ ದುಂಡು ಎಲೆಗಳು. ನೋಡಿದರೆ ಕಣ್ಣು ತಣಿಯುತ್ತದೆ. ಕೊಂಡವರು ಗೋಡೆಗೆ ತೂಗುಹಾಕುತ್ತಾರೆಯೇ ಹೊರತು ಕುಳಿತು ಆಡುವವರು ವಿರಳ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ‘ಶ್ರೀತತ್ತ್ವನಿಧಿ’ಯ ಕೌತುಕನಿಧಿಯಲ್ಲಿ ಆಟಗಳಿಗೇ ಸ್ಥಾನ ಕಲ್ಪಿಸಿ, ಮೂರು ನೂರಕ್ಕೂ ಮಿಕ್ಕ ಎಲೆಗಳ ಕಟ್ಟುಗಳನ್ನು ತಾವೇ ಯೋಚಿಸಿದರು. ಅದಕ್ಕೂ ಏಳು ಶತಮಾನಗಳ ಹಿಂದೆ ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರನು ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದ, ಚದುರಂಗ, ಪಗಡೆಗಳನ್ನು ವರ್ಣಿಸಿದನು. ಆಟವು ಬರೆದಿಡಲು ತಕ್ಕ ವಿಷಯವಲ್ಲವೆಂಬ ಸಂಕೋಚ ನಮ್ಮ ಹಿರಿಯರಿಗೆ ಇರಲಿಲ್ಲವೆಂಬುದು ಇದರಿಂದ ಸ್ಪಷ್ಟ.

ದೂರದ ಒಂದು ಉದಾಹರಣೆಯನ್ನೂ ಹೇಳಬಹುದು. ಮೆಸೊಪೊಟೇಮಿಯದ ಉರ್ ನಗರದ ಗೋರಿಗಳಲ್ಲಿ ಲೆಯೊನಾರ್ಡ್ ವುಲ್ಲಿ ೧೯೨೦ರ ದಶಕದಲ್ಲಿ ಅಂದವಾದ ಆಟದ ಹಲಗೆಗಳನ್ನು ಕಂಡುಹಿಡಿದನು. ನಾಲ್ಕೂವರೆ ಸಾವಿರ ವರ್ಷಗಳ ಹಿಂದಿನವು. ಹಲಗೆಯಿತ್ತು, ಕಾಯಿಗಳಿದ್ದವು, ಆಡುವ ಬಗೆ ಮಾತ್ರ ಗೊತ್ತಿರಲಿಲ್ಲ. ಕ್ರಿ. ಪೂ. ೧೭೭ರ ಒಂದು ಬಾಬಿಲೋನಿ ಮಣ್ಣಿನ ಫಲಕವನ್ನು ಬ್ರಿಟಿಷ್ ಮ್ಯೂಜಿಯಮ್ಮಿನ ಇರ್ವಿಂಗ್ ಫಿಂಕೆಲ್ ಓದಿದ ಮೇಲೆ ಆ ಹಲಗೆಗೆ ಮತ್ತೆ ಜೀವ ಬಂದಿತು. ಬರಹ ಸತ್ತ ಆಟವನ್ನು ಎಬ್ಬಿಸಿತು. ಆದರೆ ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ವಿಧಿ ಹೇಳುವುದು ಹೇಗೆ ಆಡಬೇಕೆಂಬುದನ್ನು; ಆಡಿದವನಿಗೆ ಏನಾಯಿತೆಂಬುದನ್ನಲ್ಲ. ಚೌಕಾಬಾರದ ನಿಯಮಗಳನ್ನು ನಾಲ್ಕು ಸಾಲಿನಲ್ಲಿ ಬರೆಯಬಹುದು. ಇನ್ನೇನು ಹಣ್ಣಾಗುವ ಕಾಯಿಯನ್ನು ತಂಗಿ ಕಡಿದಾಗ ಅಣ್ಣನ ಮುಖ ಹೇಗಾಯಿತೆಂಬುದು ಆ ನಾಲ್ಕು ಸಾಲಿನಲ್ಲಿ ಬಾರದು. ನಾವು ಬಯಸುವ ವಿಮರ್ಶೆಯ ಕ್ಷೇತ್ರ ಅಲ್ಲಿಂದ ಮುಂದಕ್ಕೆ ಇದೆ.

ನಮ್ಮ ಅಲಂಕಾರಶಾಸ್ತ್ರದಲ್ಲಿ ರಸದ ನೆಲೆ ಎಲ್ಲಿ ಎಂಬ ಚರ್ಚೆ ದೊಡ್ಡದು: ರಾಮನಲ್ಲಿಯೋ, ನಟನಲ್ಲಿಯೋ, ಸಹೃದಯನಲ್ಲಿಯೋ? ಸಹೃದಯನಲ್ಲಿ ಎಂದು ಅಭಿನವಗುಪ್ತನ ಪಂಥ ತೀರ್ಮಾನಿಸಿತು. ವಿಡಿಯೋ ಆಟ ಈ ಚರ್ಚೆಗೆ ಒಂದು ತೊಡಕನ್ನು ತರುತ್ತದೆ. ಇಲ್ಲಿ ನಟನೂ ಪ್ರೇಕ್ಷಕನೂ ಒಬ್ಬನೇ. ಗುಂಡಿ ಒತ್ತದಿದ್ದರೆ ಕಥೆ ನಡೆಯದು. ಒತ್ತಿದವನೇ ಫಲವನ್ನು ಅನುಭವಿಸಬೇಕು. ಪಕ್ಕದಲ್ಲಿ ನಿಂತು ನೋಡಿದವನಿಗೆ ಬಣ್ಣ ಕಾಣುತ್ತದೆ, ಹೊಣೆ ಕಾಣುವುದಿಲ್ಲ. ಆದುದರಿಂದ ಆಟದ ಮುಖ್ಯ ಸಾಕ್ಷಿ ಆಡಿದವನು; ಅವನು ಬರೆಯದಿದ್ದರೆ ಸಾಕ್ಷಿಯೇ ಇಲ್ಲ. ಇಂಗ್ಲೆಂಡಿನ ಕೀರನ್ ಗಿಲೆನ್ ಎಂಬ ಬರಹಗಾರ ೨೦೦೪ರಲ್ಲಿ ಇದೇ ಧಾಟಿಯ ವಾದವನ್ನು ಮಂಡಿಸಿ, ಆಟದ ಬೆಲೆ ಇರುವುದು ಆಡುವವನಲ್ಲಿ, ಆಟದ ವಿಮರ್ಶೆ ಇಲ್ಲದ ಊರುಗಳ ಪ್ರವಾಸಕಥನವಾಗಬೇಕು ಎಂದನು. ಪ್ರವಾಸಕಥನವನ್ನು ಟಿಕೀಟು ತೆಗೆಯುವವರಷ್ಟೇ ಓದುತ್ತಾರೆಯೇ? ಕಾಶಿಗೆ ಎಂದೂ ಹೋಗದವರೇ ಕಾಶೀಯಾತ್ರೆಯ ಪುಸ್ತಕಗಳನ್ನು ಹೆಚ್ಚು ಓದಿರಬೇಕು.

ನಾವು ಆಡದೆ, ಇಂಗ್ಲಿಷಿನಲ್ಲಿ ಬರೆದ ವಿಮರ್ಶೆಗಳ ಮೂಲಕವೇ ಪರಿಚಯ ಮಾಡಿಕೊಂಡ ಮೂರು ಆಟಗಳನ್ನು ಇಲ್ಲಿ ಹೆಸರಿಸುತ್ತೇವೆ.

ಮೊದಲನೆಯದು ಲೂಕಾಸ್ ಪೋಪ್ ಎಂಬವನು ೨೦೧೩ರಲ್ಲಿ ರಚಿಸಿದ ‘ಪೇಪರ್ಸ್, ಪ್ಲೀಸ್’. ಆಟಗಾರ ಒಂದು ಕಾಲ್ಪನಿಕ ರಾಜ್ಯದ ಗಡಿ ಚೌಕಿಯ ಗುಮಾಸ್ತ. ಬರುವವರ ಕಾಗದಪತ್ರ ನೋಡಿ ಒಳಗೆ ಬಿಡುವುದು ಅಥವಾ ಹಿಂದೆ ಕಳಿಸುವುದು, ಇಷ್ಟೇ ಕೆಲಸ. ಎಷ್ಟು ಜನರ ಕಾಗದ ಸರಿಯಾಗಿ ನೋಡಿದನೋ ಅಷ್ಟು ಸಂಬಳ, ತಪ್ಪಿದರೆ ದಂಡ, ಸಂಜೆಗೆ ಮನೆಯವರ ಅನ್ನ, ಬಾಡಿಗೆ, ಔಷಧದ ಲೆಕ್ಕ. ಒಮ್ಮೆ ಗಂಡನ ಕಾಗದ ಸರಿಯಿರುತ್ತದೆ, ಅವನ ಹಿಂದೆ ಬಂದ ಹೆಂಡತಿಯದರಲ್ಲಿ ಒಂದು ಪರವಾನಗಿ ಇರುವುದಿಲ್ಲ. ಬಿಟ್ಟರೆ ತಪ್ಪು, ಬಿಡದಿದ್ದರೆ ಪಾಪ. ಈ ಆಟವನ್ನು ಕೊಳ್ಳುವ ವಿಚಾರ ನಮಗಿಲ್ಲ, ಆಡುವ ಚಾತುರ್ಯವೂ ಇಲ್ಲ. ಆದರೆ ಎರಡು ಭಾಷೆಯ ದಾಖಲೆಗಳ ನಡುವೆ ಹೆಸರಿನ ಕಾಗುಣಿತ ಹೊಂದಲಿಲ್ಲವೆಂದು ಕಚೇರಿಯಿಂದ ಕಚೇರಿಗೆ ಅಲೆದ ಪಾಲಕರನ್ನು ನಿತ್ಯ ಕಾಣುವ ನಾವು, ಕಿಟಕಿಯ ಒಳಗೆ ಕುಳಿತವನ ಬೆವರನ್ನು ಮೊದಲ ಸಲ ಕಂಡದ್ದು ಆ ವಿಮರ್ಶೆಯಲ್ಲಿ.

ಎರಡನೆಯದನ್ನು ಕುರಿತು ತುಸು ವಿಸ್ತಾರವಾಗಿ ಹೇಳಬೇಕು. ೨೦೨೩ರಲ್ಲಿ ಕೆನಡದ ಟೊರಾಂಟೋದ ವಿಸೈ ಗೇಮ್ಸ್ ಎಂಬ ಚಿಕ್ಕ ತಂಡ ‘ವೆಂಬಾ’ ಎಂಬ ಆಟವನ್ನು ಹೊರತಂದಿತು. ೧೯೮೦ರ ದಶಕದಲ್ಲಿ ತಮಿಳುನಾಡಿನಿಂದ ಕೆನಡಕ್ಕೆ ಹೋದ ಒಂದು ಕುಟುಂಬದ ಕಥೆ. ಆಟವೆಂದರೆ ಇಲ್ಲಿ ಅಡುಗೆ. ತಾಯಿ ತನ್ನ ತಾಯಿಯಿಂದ ತಂದ ಅಡುಗೆಯ ಪುಸ್ತಕ ಹರಿದು ಮಸುಕಾಗಿದೆ. ಅಳಿದ ಸಾಲುಗಳನ್ನು ಆಟಗಾರ ಊಹಿಸಿ ತುಂಬಬೇಕು. ಇಡ್ಲಿ ತಟ್ಟೆಗಳನ್ನು ಹೇಗೆ ಜೋಡಿಸಿದರೆ ಹಬೆ ಎಲ್ಲಕ್ಕೂ ತಾಗುತ್ತದೆ ಎಂಬುದೂ ಅಲ್ಲಿ ಒಂದು ಒಗಟು. ನಮ್ಮ ಮನೆಗಳಲ್ಲಿ ಏಳು ವರ್ಷದ ಹುಡುಗಿಯೂ ಬಿಡಿಸಬಲ್ಲ ಒಗಟಿದು! ನಡುವೆ ಮಗ ಬೆಳೆಯುತ್ತಾನೆ. ಸಾಲೆಯ ಗೆಳೆಯರ ಮುಂದೆ ತಾಯ್ನುಡಿಗೆ ನಾಚುತ್ತಾನೆ, ಮನೆಯ ಊಟಕ್ಕೆ ನಾಚುತ್ತಾನೆ. ಮುಂದೊಂದು ದಿನ ಅದೇ ಪುಸ್ತಕ ಅವನ ಕೈಗೆ ಬಂದಾಗ ಓದಲು ತಡವರಿಸುತ್ತಾನೆ.

ಸಲಹೆಯ ಲೆಕ್ಕದಲ್ಲಿ ಈ ಆಟಕ್ಕೆ ಒಂದು ದೋಷವನ್ನು ಹಲವರು ಹೇಳಿದರು: ಬಹಳ ಚಿಕ್ಕದು, ಒಂದೆರಡು ಗಂಟೆಗಳಲ್ಲಿ ಮುಗಿಯುತ್ತದೆ. ಕೊಟ್ಟ ಹಣಕ್ಕೆ ಎಷ್ಟು ಗಂಟೆ ಎಂದು ಎಣಿಸುವವನ ದೃಷ್ಟಿಯಿಂದ ಅದು ನ್ಯಾಯವೇ. ಆದರೆ ವಲಸೆ ಕುಟುಂಬಗಳಲ್ಲಿ ಬೆಳೆದವರು ಬರೆದ ವಿಮರ್ಶೆಗಳಲ್ಲಿ ಗಂಟೆಯ ಲೆಕ್ಕ ಹಿಂದೆ ಬಿದ್ದು, ತಮ್ಮ ಮನೆಯಲ್ಲಿ ತಾಯಿ ಒಂದು ಭಾಷೆಯಲ್ಲಿ ಕೇಳಿದ್ದಕ್ಕೆ ತಾವು ಇನ್ನೊಂದು ಭಾಷೆಯಲ್ಲಿ ಉತ್ತರ ಕೊಟ್ಟ ದಿನಗಳು ಮುಂದೆ ಬಂದವು. ಇದನ್ನು ಓದಲು ಕೆನಡಕ್ಕೆ ಹೋಗಬೇಕಾಗಿಲ್ಲ. ಉದಗಾಂವ, ಜಯಸಿಂಗಪುರ, ಇಚಲಕರಂಜಿ, ಗಡಹಿಂಗ್ಲಜ ಭಾಗದ ಕನ್ನಡ ಮನೆಗಳಲ್ಲಿ ಅಜ್ಜಿ ಕನ್ನಡದಲ್ಲಿ ಕರೆದರೆ ಮೊಮ್ಮಗ ಮರಾಠಿಯಲ್ಲಿ ಓಗೊಡುವುದನ್ನು ನಾವೆಲ್ಲರೂ ಕೇಳಿದ್ದೇವೆ. ಅದರಲ್ಲಿ ಮರಾಠಿಯ ತಪ್ಪೇನೂ ಇಲ್ಲ. ಆ ಭಾಷೆಯ ಅನ್ನವನ್ನು ನಾವೂ ಉಂಡಿದ್ದೇವೆ. ಆದರೆ ಅಜ್ಜಿಯ ಕೈಬರಹದ ಚೀಟಿಯನ್ನು ಮೊಮ್ಮಗ ಓದಲಾರದ ದಿನ ಮನೆಯಲ್ಲಿ ಏನು ನಡೆಯುತ್ತದೆ ಎಂಬುದನ್ನು ನಾವು ಭಾಷಣಗಳಲ್ಲಿ ಹೇಳಿದ್ದಕ್ಕಿಂತ ಚೆನ್ನಾಗಿ ಆ ವಿಮರ್ಶೆಗಳಲ್ಲಿ ಓದಿದೆವು.

ಮೂರನೆಯ ಆಟ ನಮ್ಮ ನೆರೆಯದು. ಮಿರಜದಲ್ಲಿ ರೈಲು ಹತ್ತಿದರೆ ಅರ್ಧ ದಿನದೊಳಗೆ ಮುಟ್ಟುವ ಪುಣೆಯಲ್ಲಿ ನಾಡಿಂಗ್ ಹೆಡ್ಸ್ ಗೇಮ್ಸ್ ಎಂಬ ತಂಡ ೨೦೨೦ರಲ್ಲಿ ‘ರಾಜಿ’ಯನ್ನು ಬಿಡುಗಡೆ ಮಾಡಿತು. ಅಸುರರು ಹೊತ್ತೊಯ್ದ ತಮ್ಮನನ್ನು ಹುಡುಕಿ ಹೊರಟ ಹುಡುಗಿಯ ಕಥೆ. ದುರ್ಗೆಯೂ ವಿಷ್ಣುವೂ ಅದರ ನಿರೂಪಕರು. ಹೊರದೇಶದ ವಿಮರ್ಶಕರು ಚಿತ್ರಶೈಲಿಯನ್ನೂ ಕಥಾವಸ್ತುವನ್ನೂ ಮೆಚ್ಚಿದರು; ಕಾಳಗದ ಭಾಗ ತೊಡಕಾಗಿದೆ, ಕೊನೆ ಥಟ್ಟನೆ ಕಡಿದಂತಿದೆ ಎಂದರು. ನ್ಯಾಯವಾದ ಮಾತುಗಳಿರಬಹುದು. ಆದರೆ ದಶಾವತಾರದ ಆಟವನ್ನೋ, ಪಾರಿಜಾತದ ಬಯಲಾಟವನ್ನೋ ನೋಡಿ ಬೆಳೆದ ಒಬ್ಬ ಕನ್ನಡ ಅಥವಾ ಮರಾಠಿ ವಿಮರ್ಶಕನು ದೇವತೆಗಳ ಆ ಸಂವಾದದ ಬಗ್ಗೆ ಏನೆನ್ನುತ್ತಿದ್ದ? ಅದು ಹೊರಗಿನವರು ಬರೆಯಬಲ್ಲ ಮಾತಲ್ಲ. ನಮ್ಮವರು ಬರೆಯದಿದ್ದರೆ ನಮ್ಮ ಕಥೆಯ ಗುಣದೋಷವನ್ನು ನಾವೇ ಪರರ ಭಾಷೆಯಲ್ಲಿ ತಿಳಿಯಬೇಕಾಗುತ್ತದೆ.

ಆಟವನ್ನು ಆಡುತ್ತ ಮಾತನಾಡುವ ಚಲಚ್ಚಿತ್ರಗಳನ್ನು ಹುಡುಗರು ಮೊಬೈಲಿನಲ್ಲಿ ದಿನವಿಡೀ ನೋಡುತ್ತಾರಲ್ಲ, ಲಿಖಿತ ವಿಮರ್ಶೆಯ ಹಂಗೇಕೆ ಎಂದು ತರುಣ ಶಿಕ್ಷಕರೊಬ್ಬರು ನಮ್ಮನ್ನು ಕೇಳಿದರು. ಕಣ್ಣಿಗೆ ಕಾಣುವಂತೆ ತೋರಿಸುವ ಶಕ್ತಿ ಅವುಗಳಿಗುಂಟು, ಒಪ್ಪಿದೆವು. ಆದರೆ ಅಲ್ಲಿ ಆಟವೂ ಮಾತೂ ಏಕಕಾಲಕ್ಕೆ ನಡೆಯುತ್ತವೆ. ಗುಂಡು ಹಾರುವಾಗ ವಿಚಾರ ಮಾಡಲು ಪುರಸೊತ್ತಿಲ್ಲ. ಬರೆಯುವವನು ಆಟವನ್ನು ಕೆಳಗಿಟ್ಟ ಮೇಲೆ ಬರೆಯಬೇಕು. ನೂರು ಸಂಗತಿಗಳಲ್ಲಿ ಐದನ್ನು ಆರಿಸಬೇಕು, ‘ಮಜಾ ಬಂತು’ ಎಂಬುದಕ್ಕೆ ಕಾರಣ ಹುಡುಕಬೇಕು. ಮೇಲಾಗಿ ಬರಹವನ್ನು ವರ್ಗದಲ್ಲಿ ಕರೆಂಟು ಇಲ್ಲದಾಗಲೂ ಓದಿಸಬಹುದು. ಸಾಲಿನ ಕೆಳಗೆ ಗೆರೆ ಎಳೆದು, ಇದು ಸರಿಯೇ ಎಂದು ಕೇಳಬಹುದು.

ಶಬ್ದಗಳ ತೊಂದರೆಯನ್ನೂ ಹೇಳಿಬಿಡೋಣ. ಕನ್ನಡದಲ್ಲಿ ಆಟದ ವಿಮರ್ಶೆಗೆ ಪರಿಭಾಷೆ ಎಲ್ಲಿ ಎನ್ನುತ್ತಾರೆ. ಲೆವೆಲ್, ಸ್ಕೋರ್, ಮ್ಯಾಪ್ ಇವು ಈಗಾಗಲೇ ಹುಡುಗರ ಬಾಯಲ್ಲಿ ಕನ್ನಡವಾಗಿವೆ; ಅವನ್ನು ಓಡಿಸುವ ಹಟ ನಮಗಿಲ್ಲ. ಆದರೆ ಹಳೆಯ ಆಟಗಳು ಬಿಟ್ಟುಹೋದ ಮಾತುಗಳೂ ಬೇಕಾದಷ್ಟಿವೆ. ಕಾಯಿ ಹಣ್ಣಾಯಿತು, ಮನೆ ಕಟ್ಟಿದ, ಕಡಿದ, ಡಾವು ತಪ್ಪಿತು, ಪಟ್ಟು ಸಡಿಲಿತು ಎಂಬ ನುಡಿಗಳನ್ನು ಮೊಬೈಲಿನ ಆಟಕ್ಕೆ ಹಚ್ಚಿ ನೋಡಿದರೆ ಅವು ಮುದಿಯಾಗಿಲ್ಲವೆಂಬುದು ತಿಳಿಯುತ್ತದೆ.

ಈ ಎಲ್ಲ ವಿಚಾರ ನಮಗೆ ಮೊದಲೇ ಹೊಳೆದಿತ್ತೆಂದು ವಾಚಕರು ಭಾವಿಸಬಾರದು. ತಡವಾಗಿ ಹೊಳೆಯಿತು, ಅದಕ್ಕೆ ಕಾರಣವಾದ ಪ್ರಸಂಗವನ್ನು ಹೇಳಬೇಕು. ೨೦೧೯ರ ಆಗಸ್ಟಿನಲ್ಲಿ ಕೃಷ್ಣೆ, ಪಂಚಗಂಗೆಯರು ಉಕ್ಕಿ ಶಿರೋಳ ತಾಲೂಕಿನ ಅನೇಕ ಊರುಗಳು ಜಲಾವೃತವಾದುದು ಎಲ್ಲರಿಗೂ ನೆನಪಿದೆ. ಆ ದೀಪಾವಳಿಯ ರಜೆ ಮುಗಿದ ಮೇಲೆ ಏಳನೆಯ ಇಯತ್ತೆಯವರಿಗೆ ‘ನನ್ನ ಮೆಚ್ಚಿನ ಆಟ’ ಎಂಬ ನಿಬಂಧ ಬರೆಯಲು ಹೇಳಿದೆವು. ಕಬಡ್ಡಿ, ಖೋಖೋ, ಕುಸ್ತಿ ಎಂದು ಎಲ್ಲರೂ ಗೈಡಿನ ವಾಕ್ಯಗಳನ್ನೇ ಬರೆದರು. ಎಂದೂ ನಾಲ್ಕು ಸಾಲು ದಾಟದ ಒಬ್ಬ ಹುಡುಗ ಮಾತ್ರ ಎರಡು ಪುಟ ತುಂಬಿಸಿದ್ದ. ವಿಷಯ: ಪಬ್ಜಿ.

ಆ ವರ್ಷ ಪಬ್ಜಿ ಎಂದರೆ ದೊಡ್ಡವರಿಗೆ ಬೆಂಕಿ. ಮಾರ್ಚಿನಲ್ಲಿ ಗುಜರಾತದ ರಾಜಕೋಟದಲ್ಲಿ ಪೊಲೀಸರು ಆಟವನ್ನು ನಿಷೇಧಿಸಿ, ಆಡುತ್ತಿದ್ದ ವಿದ್ಯಾರ್ಥಿಗಳನ್ನು ಹಿಡಿದ ಸುದ್ದಿ ಎಲ್ಲ ಪತ್ರಿಕೆಗಳಲ್ಲಿಯೂ ಬಂದಿತ್ತು. ನಾವು ಆ ಸುದ್ದಿಯನ್ನು ಓದಿದ್ದೆವು, ಆಟ ಏನೆಂದು ಓದಿರಲಿಲ್ಲ. ಹುಡುಗ ಬರೆದಿದ್ದ: ನೂರು ಜನ ವಿಮಾನದಿಂದ ಒಂದು ನಡುಗಡ್ಡೆಗೆ ಹಾರುತ್ತಾರೆ. ಖಾಲಿ ಮನೆಗಳಲ್ಲಿ ಸಾಮಾನು ಸಿಗುತ್ತವೆ. ನಕಾಶೆಯ ಮೇಲೆ ಒಂದು ವರ್ತುಲ ಬೀಳುತ್ತದೆ, ಅದು ಸಣ್ಣದಾಗುತ್ತ ಬರುತ್ತದೆ, ಹೊರಗೆ ಉಳಿದವನು ಸಾಯುತ್ತಾನೆ. ಚೀಲ ಸಣ್ಣದು, ಎಲ್ಲ ಸಾಮಾನೂ ಹಿಡಿಯುವುದಿಲ್ಲ. ಏನು ಬಿಡಬೇಕು ಎಂಬುದೇ ನಿಜವಾದ ಆಟ, ಗುಂಡು ಹಾರಿಸುವುದು ಆಮೇಲೆ. ನೀರು ಬಂದ ರಾತ್ರಿ ನಮ್ಮ ಮನೆಯಲ್ಲಿಯೂ ಹೀಗೇ ಆಯಿತು; ಅಪ್ಪ ಮೊದಲು ಕಾಗದದ ಪೆಟ್ಟಿಗೆ ತೆಗೆದ, ಅವ್ವ ಹಿಟ್ಟಿನ ಡಬ್ಬಿ ತೆಗೆದಳು, ನಾನು ಆಡನ್ನು ಬಿಚ್ಚಿದೆ. ವರ್ತುಲ ಎತ್ತರದ ಸಾಲೆಯ ಮೇಲೆ ಬಿದ್ದಿತ್ತು. ಆಟದಲ್ಲಿ ಜೊತೆಗಾರ ಬಿದ್ದರೆ ಎಬ್ಬಿಸಬಹುದು. ಆದರೆ ಆ ಆಟದಲ್ಲಿ ಒಂದು ಕೊರತೆ ಇದೆ, ಅಲ್ಲಿ ಮುದುಕರೇ ಇಲ್ಲ. ನಮ್ಮ ಅಜ್ಜಿಯನ್ನು ಹೊರಬೇಕಾಯಿತು, ಆದ್ದರಿಂದ ನಾವು ಬೇಗ ಓಡಲಿಲ್ಲ.

ಮೇಲಿನದು ನಮ್ಮ ನೆನಪಿನ ಸಾರಾಂಶ. ಅವನ ಭಾಷೆ ಕನ್ನಡ, ಮರಾಠಿ, ಇಂಗ್ಲಿಷು ಕಲಸಿದ್ದಾಗಿತ್ತು. ನಾವು ಮಾಡಿದ್ದೇನು? ಹದಿನಾಲ್ಕು ಕಾಗುಣಿತದ ತಪ್ಪುಗಳಿಗೆ ಕೆಂಪು ಶಾಯಿಯಲ್ಲಿ ಗುಂಡು ಸುತ್ತಿ, ಕೆಳಗೆ ‘ಇಂಥ ಆಟಗಳನ್ನು ಆಡಬಾರದು’ ಎಂದು ಬರೆದು, ಹತ್ತಕ್ಕೆ ನಾಲ್ಕು ಅಂಕ ಕೊಟ್ಟೆವು. ಆಟದ ರಚನೆಯನ್ನು ಅರಿತು, ಅದರ ಗುಣ ಹೇಳಿ, ದೋಷ ಹೇಳಿ, ಆ ದೋಷವನ್ನು ತನ್ನ ಬಾಳಿನಿಂದ ಅಳೆದ ಬರಹ ಅದು. ವಿಮರ್ಶೆ ಎಂದು ಅದರ ಮೇಲೆ ಹೆಸರು ಬರೆದಿರಲಿಲ್ಲ, ಅಷ್ಟೇ.

೨೦೨೦ರ ಸೆಪ್ಟೆಂಬರ್ ೨ರಂದು ಕೇಂದ್ರ ಸರಕಾರ ಪಬ್ಜಿಯ ಮೊಬೈಲ್ ಆಟವನ್ನು ನಿಷೇಧಿಸಿತು. ೨೦೨೧ರ ಜುಲೈಯಲ್ಲಿ ಅದು ಹೆಸರು ಬದಲಿಸಿಕೊಂಡು ಬಂದಿತು, ಒಂದು ವರ್ಷಕ್ಕೆ ಮತ್ತೆ ಮರೆಯಾಯಿತು, ೨೦೨೩ರಲ್ಲಿ ಮತ್ತೆ ಬಂದಿತು. ೨೦೨೫ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ಕಾಯದೆ ಹಣ ಕಟ್ಟಿ ಆಡುವ ಆಟಗಳನ್ನು ಬೇರೆ, ಸ್ಪರ್ಧೆಯ ಆಟಗಳನ್ನು ಬೇರೆ, ಮನರಂಜನೆ ಹಾಗೂ ಶಿಕ್ಷಣದ ಆಟಗಳನ್ನು ಬೇರೆ ಎಂದು ವಿಂಗಡಿಸಿತು. ಕಾನೂನಿಗೇ ಆಟ ಆಟಕ್ಕೂ ಭೇದ ಕಾಣುವಾಗ ‘ಮೊಬೈಲ್ ಆಟ’ ಎಂಬ ಒಂದೇ ಗೋಣಿಯಲ್ಲಿ ಎಲ್ಲವನ್ನೂ ತುಂಬಿ ನಾವು ಪಾಲಕರಿಗೆ ಉತ್ತರ ಹೇಳುವುದು ಹೇಗೆ?

ಕಳೆದ ಬೇಸಿಗೆಯಲ್ಲಿ ಜಯಸಿಂಗಪುರದ ಬಸ್ ನಿಲ್ದಾಣದಲ್ಲಿ ಆ ಹುಡುಗ ಸಿಕ್ಕ. ಮೀಸೆ ಬಂದಿದೆ, ಇಚಲಕರಂಜಿಯ ಒಂದು ಮಗ್ಗದ ಕಾರಖಾನೆಗೆ ಹೋಗುತ್ತಾನಂತೆ. ಆ ನಿಬಂಧದ ವಹಿ ಇದೆಯೇ ಎಂದು ಕೇಳಿದೆವು. ೨೦೨೧ರ ನೀರಿನಲ್ಲಿ ಪುಸ್ತಕಗಳೆಲ್ಲ ಹೋದವು ಎಂದ. ಬರೆದದ್ದೇನೆಂದು ಅವನಿಗೆ ಪೂರ್ತಿ ನೆನಪಿರಲಿಲ್ಲ, ಅಂಕ ಮಾತ್ರ ನೆನಪಿತ್ತು. ಮತ್ತೊಮ್ಮೆ ಬರೆದುಕೊಡು ಎಂದೆವು. ಈಗ ಆಡುವುದು ಬೇರೆ 아ಟ, ಬೇಕಾದರೆ ಅದರ ಬಗ್ಗೆ ಬರೆಯುತ್ತೇನೆ, ಆದರೆ ತಪ್ಪು ತೆಗೆಯಬಾರದು ಎಂದು ನಕ್ಕ. ನಿಲ್ದಾಣದ ಎದುರಿನ ಅಂಗಡಿಯಲ್ಲಿ ನೂರು ಪುಟದ ಒಂದು ವಹಿ ಕೊಂಡು ಅವನ ಕೈಯಲ್ಲಿಟ್ಟೆವು.